ಓಯೆಯವರ ‘ವೈಯಕ್ತಿಕ ಅನುಭವ’: ನಿರ್ವಹಣಸಂಧಿಯ ಔಚಿತ್ಯವಿಚಾರ

೧

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಕುಮಾರೋದಯವೂ ಒಂದೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. ಪುತ್ರಜನ್ಮವೆಂದರೆ ಉತ್ಸವ, ದಾನ, ಬಂಧುಗಳ ಸಂತೋಷ; ಕವಿಗಳು ಅದನ್ನು ಆ ರೀತಿಯಲ್ಲಿಯೇ ವರ್ಣಿಸುತ್ತ ಬಂದಿರುವರು. ಹುಟ್ಟಿದ ಮಗು ವಿಕಲಾಂಗವಾಗಿ, ಹುಟ್ಟಿದ ಗಳಿಗೆಯಲ್ಲಿಯೇ ಮರಣೋನ್ಮುಖವಾಗಿದ್ದರೆ ತಂದೆಯ ಚಿತ್ತವೃತ್ತಿ ಏನಾಗುವುದೆಂಬ ಪ್ರಶ್ನೆಯನ್ನು ಮಾತ್ರ ಈ ಸಂಪ್ರದಾಯವು ವಿಸ್ತಾರವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ. ಈ ಪ್ರಶ್ನೆಯನ್ನೇ ವಸ್ತುವಾಗಿ ಉಳ್ಳ ಗ್ರಂಥವೊಂದು ಜಪಾನೀ ಭಾಷೆಯಲ್ಲಿದೆ. ಕೆಂಜಾಬುರೊ ಓಯೆಯವರು ೧೯೬೪ರಲ್ಲಿ ಪ್ರಕಟಿಸಿದ ‘ಕೋಜಿನ್‌ತೆಕಿ ನ ತಾಯ್ಕೆನ್’ ಎಂಬ ಕಾದಂಬರಿಯೇ ಅದು. ‘ವೈಯಕ್ತಿಕ ಅನುಭವ’ವೆಂದು ಅದರ ಅರ್ಥ. ಜಾನ್ ನೇಥನ್ ಅವರು ೧೯೬೮ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಮೂಲಕ ಅದು ಹೊರದೇಶಗಳ ವಾಚಕರಿಗೆ ಪರಿಚಿತವಾಯಿತು. ಗ್ರಂಥಕರ್ತರಿಗೆ ೧೯೯೪ರಲ್ಲಿ ನೊಬೆಲ್ ಪಾರಿತೋಷಿಕವು ದೊರೆಯಿತು. ೨೦೨೩ರ ಮಾರ್ಚ್ ತಿಂಗಳಿನಲ್ಲಿ ಅವರು ಕಾಲವಾದರು.

ಈ ಕೃತಿಯ ಹಿಂದೆ ಗ್ರಂಥಕರ್ತರ ಜೀವನದ ಘಟನೆಯೊಂದಿರುವುದು ಪ್ರಸಿದ್ಧವಾಗಿದೆ. ೧೯೬೩ರ ಜೂನ್ ತಿಂಗಳಿನಲ್ಲಿ ಅವರ ಜ್ಯೇಷ್ಠಪುತ್ರನಾದ ಹಿಕಾರಿ ಜನಿಸಿದಾಗ ಶಿಶುವಿನ ತಲೆಬುರುಡೆಯಲ್ಲಿ ದೋಷವಿದ್ದು, ಅದರ ಮೂಲಕ ಮೆದುಳಿನ ಭಾಗವು ಹೊರಚಾಚಿದಂತಿತ್ತು. ಶಸ್ತ್ರಚಿಕಿತ್ಸೆಯಿಂದ ಶಿಶುವು ಬದುಕಿತು. ಬುದ್ಧಿವೈಕಲ್ಯವು ಆಜೀವವಾಗಿ ಉಳಿಯಿತು. ಆದರೆ ಕಾದಂಬರಿಯು ಜೀವನಚರಿತ್ರೆಯಲ್ಲ. ಅದರ ಗುಣದೋಷಗಳನ್ನು ಅದರೊಳಗಿನ ಸಂವಿಧಾನದಿಂದಲೇ ನಿರ್ಣಯಿಸತಕ್ಕದ್ದು ನ್ಯಾಯವಾದುದರಿಂದ ಮೊದಲು ಕೃತಿಯನ್ನೂ ಅನಂತರ ಕವಿಜೀವನವನ್ನೂ ಇಲ್ಲಿ ವಿಚಾರಿಸಲಾಗಿದೆ.

ಕೃತಿಯ ಮೇಲೆ ಹೊರಿಸಲ್ಪಟ್ಟಿರುವ ಮುಖ್ಯ ದೋಷವು ಅದರ ಮುಕ್ತಾಯಕ್ಕೆ ಸಂಬಂಧಿಸಿದುದು. ಗ್ರಂಥವು ಪ್ರಕಟವಾದಾಗ ಜಪಾನಿನಲ್ಲಿಯೇ ಯುಕಿಯೊ ಮಿಶಿಮಾ ಮೊದಲಾದವರು, ಮಗು ಬದುಕಿ ತಂದೆಯು ಸನ್ಮಾರ್ಗಕ್ಕೆ ಬರುವ ಈ ಕೊನೆಯು ಕೃತಿಯ ಘೋರತೆಗೆ ಅನುಚಿತವೆಂದು ಆಕ್ಷೇಪಿಸಿದರು. ಈ ಆಕ್ಷೇಪಣೆಯು ಎಷ್ಟರಮಟ್ಟಿಗೆ ನಿಲ್ಲುವುದೆಂಬುದೇ ಇಲ್ಲಿಯ ಜಿಜ್ಞಾಸೆ.

೨

ಕಥಾಸಂವಿಧಾನವು ಸಂಕ್ಷೇಪವಾಗಿ ಹೀಗಿದೆ. ನಾಯಕನು ೨೭ ವರ್ಷದ ತರುಣ. ಕಾಲೇಜಿನ ಪ್ರವೇಶಪರೀಕ್ಷೆಗೆ ಹುಡುಗರನ್ನು ಸಿದ್ಧಗೊಳಿಸುವ ಪಾಠಶಾಲೆಯೊಂದರಲ್ಲಿ ಉಪಾಧ್ಯಾಯ. ಅವನಿಗೆ ‘ಬರ್ಡ್’, ಎಂದರೆ ಹಕ್ಕಿ, ಎಂದು ಅಡ್ಡಹೆಸರು. ಗ್ರಂಥವೆಲ್ಲ ಅವನನ್ನು ಹೀಗೆಯೇ ಕರೆಯುವುದು. ಆಫ್ರಿಕಾಖಂಡಕ್ಕೆ ಹೋಗಬೇಕೆಂಬುದು ಅವನ ಕನಸು. ಪತ್ನಿಯು ಪ್ರಸವವೇದನೆಯಲ್ಲಿರುವಾಗ ಅವನು ಅಂಗಡಿಯಲ್ಲಿ ಆಫ್ರಿಕೆಯ ಭೂಪಟಗಳನ್ನು ನೋಡುತ್ತಿರುವುದೇ ಕಥೆಯ ಆರಂಭ. ಹುಟ್ಟಿದ ಮಗುವು ಎರಡು ತಲೆಯುಳ್ಳದ್ದೋ ಎಂಬಂತಿದೆ. ಅದನ್ನು ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸಾಗಿಸುತ್ತಾರೆ. ಅಲ್ಲಿ ಹಾಲಿಗೆ ಬದಲಾಗಿ ಸಕ್ಕರೆನೀರನ್ನು ಕೊಟ್ಟು ಶಿಶುವು ತಾನಾಗಿಯೇ ಕ್ಷೀಣಿಸುವಂತೆ ಮಾಡುವ ಸೂಚನೆಗೆ ತಂದೆಯು ಒಪ್ಪುತ್ತಾನೆ. ಆಮೇಲೆ ಅವನು ಹಿಮಿಕೊ ಎಂಬ ಹಳೆಯ ಗೆಳತಿಯ ಮನೆಯನ್ನು ಸೇರಿ, ಮದ್ಯದಲ್ಲಿಯೂ ಕಾಮದಲ್ಲಿಯೂ ಮುಳುಗಿ, ಮಗುವಿನ ಮರಣವಾರ್ತೆಗಾಗಿ ಕಾಯುತ್ತಾನೆ. ಕುಡಿತದ ಫಲವಾಗಿ ತರಗತಿಯಲ್ಲಿಯೇ ವಾಂತಿಮಾಡಿಕೊಂಡು ಉದ್ಯೋಗವನ್ನು ಕಳೆದುಕೊಳ್ಳುತ್ತಾನೆ.

ಮಗು ಸಾಯುವುದಿಲ್ಲ, ಬಲಗೊಳ್ಳುತ್ತದೆ. ಶಸ್ತ್ರಚಿಕಿತ್ಸೆಮಾಡಬಹುದೆಂದು ವೈದ್ಯರು ಹೇಳಿದಾಗ ತಂದೆಯು ನಿರಾಕರಿಸಿ, ಹಿಮಿಕೊಳ ಕಾರಿನಲ್ಲಿ ಮಗುವನ್ನು ಕೊಂಡೊಯ್ದು, ಶಿಶುವನ್ನು ಸಾಯಗೊಡಲು ಒಪ್ಪಿದ ಬೇರೊಬ್ಬ ವೈದ್ಯನ ವಶಕ್ಕೆ ಒಪ್ಪಿಸುತ್ತಾನೆ. ಅಲ್ಲಿಂದ ಹೊರಟು ಮದ್ಯದ ಅಂಗಡಿಯೊಂದರಲ್ಲಿ ಕುಳಿತಾಗ ಅವನ ಮನಸ್ಸು ಒಮ್ಮೆಲೇ ತಿರುಗುತ್ತದೆ. ಮಗುವನ್ನು ಮರಳಿ ತಂದು ಶಸ್ತ್ರಚಿಕಿತ್ಸೆಗೆ ಒಪ್ಪಿಸುತ್ತಾನೆ. ಆಗ ತಿಳಿದುಬರುವುದೇನೆಂದರೆ, ಹೊರಚಾಚಿದ್ದುದು ಮೆದುಳಲ್ಲ, ಮಾರಕವಲ್ಲದ ಗಡ್ಡೆ. ಮಗು ಉಳಿಯುತ್ತದೆ.

ಧನಂಜಯನು ದಶರೂಪಕದಲ್ಲಿ ಅವಮರ್ಶಸಂಧಿಗೆ ಕ್ರೋಧ, ವ್ಯಸನ, ವಿಲೋಭನ ಎಂಬ ಮೂರನ್ನು ನಿಮಿತ್ತವಾಗಿ ಹೇಳಿದ್ದಾನೆ. ಫಲದ ವಿಷಯದಲ್ಲಿ ನಾಯಕನನ್ನು ವಿಚಾರಕ್ಕೆ ಈಡುಮಾಡುವ ಈ ನಿಮಿತ್ತಗಳಲ್ಲಿ ಕೊನೆಯ ಎರಡು ಈ ಕಾದಂಬರಿಯಲ್ಲಿ ಸ್ಪಷ್ಟವಾಗಿವೆ. ಮಗುವಿನ ಸ್ಥಿತಿಯೇ ವ್ಯಸನ. ಹಿಮಿಕೊಳೊಡನೆ ಆಫ್ರಿಕೆಗೆ ಹೋಗುವ ಆಸೆಯೇ ವಿಲೋಭನ. ಹೀಗಿರುವುದರಿಂದ ಸಂಧಿವಿಭಾಗವು ಈ ಕೃತಿಗೆ ಹೊರಗಿನಿಂದ ತಂದು ಹೊಂದಿಸಿದ ಅಳತೆಗೋಲಾಗುವುದಿಲ್ಲ.

೩

ರಸದೃಷ್ಟಿಯಿಂದ ನೋಡಿದಾಗ ತೊಡಕು ಹೆಚ್ಚುವುದು. ಕರುಣಕ್ಕೂ ವಿಪ್ರಲಂಭಕ್ಕೂ ಭೇದವನ್ನು ಹೇಳುವಾಗ ಭರತಮುನಿಯು ಒಂದು ನಿರಪೇಕ್ಷಭಾವವುಳ್ಳದ್ದು, ಮತ್ತೊಂದು ಸಾಪೇಕ್ಷಭಾವವುಳ್ಳದ್ದು ಎಂದು ವಿಂಗಡಿಸಿದ್ದಾನೆ. ಆಸೆಯು ಪೂರ್ತಿಯಾಗಿ ಕಡಿದುಹೋದಲ್ಲಿ ಕರುಣ, ಉಳಿದಿರುವಲ್ಲಿ ವಿಪ್ರಲಂಭ. ಮರಣಶಯ್ಯೆಯಲ್ಲಿರುವ ಮಗುವಿನ ತಾಯಿತಂದೆಯರು ಈ ಎರಡರ ನಡುವೆ ತೂಗಾಡುವುದು ಲೋಕಾನುಭವ. ಆದರೆ ಈ ಕಾದಂಬರಿಯ ತಂದೆಯಲ್ಲಿ ಅಪೇಕ್ಷೆಯೇ ತಲೆಕೆಳಗಾಗಿದೆ. ಅವನು ಎದುರುನೋಡುವುದು ಮಗುವಿನ ಮರಣವನ್ನು. ಮಗು ಹಾಲುಕುಡಿದು ಚೇತರಿಸಿಕೊಳ್ಳುತ್ತಿದೆಯೆಂಬುದೇ ಅವನಿಗೆ ದುರ್ವಾರ್ತೆ. ಗ್ರಂಥದ ಘೋರತೆಯು ಮಗುವಿನ ರೂಪದಲ್ಲಿಲ್ಲ, ಈ ವಿಪರ್ಯಾಸದಲ್ಲಿದೆ. ಇದನ್ನು ಮರೆಮಾಚದೆ ಬರೆದುದರಿಂದಲೇ ಕೃತಿಯು ಸುಲಭವಾದ ಕಣ್ಣೀರಿನ ಬರವಣಿಗೆಯಾಗದೆ ಉಳಿಯಿತು.

ಇಲ್ಲಿ ಸ್ಥಾಯಿ ಯಾವುದು? ವಾತ್ಸಲ್ಯವೆನ್ನುವುದಾದರೆ, ವತ್ಸಲವನ್ನು ರಸವಾಗಿ ಅಂಗೀಕರಿಸಿದ ವಿಶ್ವನಾಥನ ಸಾಹಿತ್ಯದರ್ಪಣವನ್ನು ನೋಡಬೇಕು. ಅವನ ಮತದಲ್ಲಿ ಪುತ್ರಾದಿಗಳು ಆಲಂಬನ. ಮಗುವಿನ ಚೇಷ್ಟೆ, ವಿದ್ಯೆ, ಶೌರ್ಯ, ದಯೆ ಮೊದಲಾದುವು ಉದ್ದೀಪನ. ಅಪ್ಪುವುದು, ಮುಟ್ಟುವುದು, ನೆತ್ತಿಯನ್ನು ಮುದ್ದಿಡುವುದು, ನೋಡುವುದು ಮೊದಲಾದುವು ಅನುಭಾವ. ಅನಿಷ್ಟಶಂಕೆ, ಹರ್ಷ, ಗರ್ವ ಮೊದಲಾದುವು ಸಂಚಾರಿ. ಈ ಉದ್ದೀಪನಗಳ ಪಟ್ಟಿಯನ್ನು ಎಚ್ಚರದಿಂದ ಪರಿಶೀಲಿಸಿದರೆ ಅದು ಆರೋಗ್ಯವಂತನೂ ಬುದ್ಧಿವಂತನೂ ಆದ ಮಗನನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದುದೆಂಬುದು ವ್ಯಕ್ತವಾಗುವುದು. ಓಯೆಯವರ ಶಿಶುವಿಗೆ ವಿದ್ಯೆಯೂ ಇಲ್ಲ, ಶೌರ್ಯವೂ ಇಲ್ಲ. ಚೇಷ್ಟೆಯೆಂದರೆ ಅಳುವುದು, ಕುಡಿಯುವುದು, ಇಷ್ಟೆ. ನೆತ್ತಿಯನ್ನು ಮುದ್ದಿಡೋಣವೆಂದರೆ ದೋಷವಿರುವುದು ಆ ನೆತ್ತಿಯಲ್ಲಿಯೇ. ಉದ್ದೀಪನವಿಲ್ಲದ ಈ ಆಲಂಬನದಲ್ಲಿ ವಾತ್ಸಲ್ಯವು ಹೇಗೆ ಸ್ಥಾಯಿಯಾಗಬಲ್ಲುದು?

ಈ ತೊಡಕನ್ನು ಗ್ರಂಥಕರ್ತರೇ ಅರಿತಿದ್ದಂತೆ ತೋರುವುದು. ತಲೆಗೆ ಬಟ್ಟೆಸುತ್ತಿದ ಶಿಶುವನ್ನು ಕಂಡಾಗ ತಂದೆಗೆ, ಯುದ್ಧದಲ್ಲಿ ತಲೆಗೆ ಗಾಯವಾಗಿ ಬಟ್ಟೆಕಟ್ಟಿಕೊಂಡ ಫ್ರೆಂಚ್ ಕವಿ ಅಪೊಲಿನೇರನ ನೆನಪಾಗುತ್ತದೆ. ಮಗುವು ರಣದಲ್ಲಿ ಗಾಯಗೊಂಡ ವೀರನೆಂಬ ಭಾವನೆ ಮೂಡಿ ಅವನ ಕಣ್ಣಿನಲ್ಲಿ ನೀರು ಬರುತ್ತದೆ. ಮಗುವಿನಲ್ಲಿಲ್ಲದ ಶೌರ್ಯವನ್ನು ತಂದೆಯ ಕಲ್ಪನೆಯು ಎರವಲು ತಂದಂತಾಯಿತು. ಆದರೆ ಎರವಲಾಗಿ ತಂದ ಉದ್ದೀಪನವು ನಿಲ್ಲಲಾರದು. ಹೀಗೆ ಅತ್ತವನೇ ಮುಂದೆ ಸಕ್ಕರೆನೀರಿಗೆ ಸಮ್ಮತಿಕೊಡುತ್ತಾನೆ. ಕಣ್ಣೀರು ಬಂದ ಮಾತ್ರಕ್ಕೆ ವಾತ್ಸಲ್ಯವು ನೆಲೆಗೊಂಡಿತೆಂದು ತಿಳಿಯಬಾರದೆಂಬ ಸೂಕ್ಷ್ಮವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಕೃತಿಗಳು ವಿರಳ.

೪

ವಿರೂಪವಾಗಿ ಹುಟ್ಟಿದ ಮಗುವನ್ನು ತ್ಯಜಿಸಬೇಕೆಂಬ ಸಂಕಲ್ಪವು ಭಾರತೀಯ ವಾಚಕರಿಗೆ ಅಪರಿಚಿತವಾದುದಲ್ಲ. ಮಹಾಭಾರತದ ಸಭಾಪರ್ವದಲ್ಲಿ ಭೀಷ್ಮನು ಭೀಮನಿಗೆ ಹೇಳುವ ಶಿಶುಪಾಲನ ಜನ್ಮವೃತ್ತಾಂತವನ್ನು ಇಲ್ಲಿ ಸ್ಮರಿಸಬಹುದು. ಮೂರು ಕಣ್ಣು ನಾಲ್ಕು ತೋಳುಗಳೊಡನೆ, ಕತ್ತೆಯಂತೆ ಅರಚುತ್ತ ಹುಟ್ಟಿದ ಆ ಶಿಶುವನ್ನು ಕಂಡು ತಾಯಿತಂದೆಗಳೂ ಬಂಧುಗಳೂ ಹೆದರಿ ಅದನ್ನು ತ್ಯಜಿಸಲು ನಿಶ್ಚಯಿಸುತ್ತಾರೆ. ಆಗ ಅಶರೀರವಾಣಿಯು, ಇವನು ಬಲಶಾಲಿಯಾಗುವನು, ಭಯಪಡದೆ ಕಾಪಾಡಿರೆಂದು ತಡೆಯುತ್ತದೆ. ಮುಂದೆ ಕೃಷ್ಣನ ತೊಡೆಯ ಮೇಲೆ ಮಗುವನ್ನಿಟ್ಟಾಗ ಹೆಚ್ಚಿನ ತೋಳುಗಳು ಕಳಚಿಬೀಳುತ್ತವೆ, ಮೂರನೆಯ ಕಣ್ಣು ಅಡಗುತ್ತದೆ. ಆ ತೊಡೆಯೊಡೆಯನೇ ತನ್ನ ಮಗನಿಗೆ ಮೃತ್ಯುವೆಂದರಿತ ತಾಯಿಯು, ಇವನ ಅಪರಾಧಗಳನ್ನು ಕ್ಷಮಿಸಬೇಕೆಂದು ಸೋದರಳಿಯನನ್ನು ಬೇಡುತ್ತಾಳೆ. ನೂರು ಅಪರಾಧಗಳವರೆಗೆ ಕ್ಷಮೆಯು ದೊರೆಯುತ್ತದೆ.

ಎರಡು ಕಥೆಗಳಿಗೂ ಆರಂಭವು ಸಮಾನವಾದುದರಿಂದ ಭೇದವು ಎಲ್ಲಿಂದ ತೊಡಗುವುದೆಂಬುದು ಚೆನ್ನಾಗಿ ಕಾಣುವುದು. ಶಿಶುಪಾಲನ ತಂದೆತಾಯಿಗಳು ಮಗುವನ್ನು ಉಳಿಸಿಕೊಂಡದ್ದು ಆಶ್ವಾಸನೆ ದೊರೆತ ಮೇಲೆ. ಮಗನು ಮುಂದೆ ಬಲಶಾಲಿಯಾಗುವನೆಂಬ ಫಲಶ್ರುತಿಯಿಲ್ಲದಿದ್ದರೆ ಅವರು ಏನುಮಾಡುತ್ತಿದ್ದರೆಂಬುದನ್ನು ಕಥೆಯು ಹೇಳುವುದಿಲ್ಲ. ಓಯೆಯವರ ಜಗತ್ತಿನಲ್ಲಿ ಆಕಾಶವು ಮೌನವಾಗಿದೆ. ಅಶರೀರವಾಣಿಯ ಸ್ಥಾನದಲ್ಲಿ ಶರೀರವುಳ್ಳವನೊಬ್ಬನು ಒಂದು ಮಾತನ್ನಾಡುವುದುಂಟು. ಬಾಲ್ಕನ್ ಪ್ರಾಂತದ ಸಣ್ಣ ದೇಶವೊಂದರ ರಾಯಭಾರಿಕಚೇರಿಯನ್ನು ಬಿಟ್ಟು ಅಡಗಿಕೊಂಡಿರುವ ಡೆಲ್ಚೆಫ್ ಎಂಬವನು ಕಾಫ್ಕಾನ ಮಾತೊಂದನ್ನು ಆಧಾರವಾಗಿಟ್ಟುಕೊಂಡು, ಬಂದ ಮಗುವನ್ನು ಸ್ವಾಗತಿಸುವುದಲ್ಲದೆ ತಂದೆತಾಯಿಗಳು ಮಾಡಬಲ್ಲದ್ದು ಬೇರೊಂದಿಲ್ಲವೆಂಬ ಅಭಿಪ್ರಾಯವನ್ನು ತಿಳಿಸುತ್ತಾನೆ. ಆದರೆ ಅವನು ತಾನೇ ದಿಕ್ಕಿಲ್ಲದವನು. ಮಗುವಿನ ಭವಿಷ್ಯದ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡಲಾರನು. ಅಷ್ಟೇ ಅಲ್ಲ, ಆ ಮಾತನ್ನು ಕೇಳಿದ ಮೇಲೆಯೂ ನಾಯಕನು ಮಗುವನ್ನು ಕೊಲೆಗೆ ಒಪ್ಪಿಸುತ್ತಾನೆ. ಉಪದೇಶದಿಂದ ನಿರ್ಣಯವು ಹುಟ್ಟಲಿಲ್ಲವೆಂಬುದು ಇದರಿಂದ ಸಿದ್ಧ.

೫

ಕಾದಂಬರಿಯ ಮುಕ್ತಾಯವನ್ನು ತೂಗುವ ಮೊದಲು, ಗ್ರಂಥಕರ್ತರು ಅದೇ ೧೯೬೪ರಲ್ಲಿ, ಅದಕ್ಕೂ ಮುಂಚೆ, ಪ್ರಕಟಿಸಿದ ‘ಸೊರಾ ನೊ ಕಾಯ್ಬುತ್ಸು ಅಘುಯಿ’ (ಆಕಾಶದ ಭೂತ ಅಘುಯಿ) ಎಂಬ ಕಥೆಯನ್ನು ಇದರೊಡನೆ ಇಟ್ಟು ನೋಡುವುದು ಅವಶ್ಯಕ. ಅಲ್ಲಿಯ ತಂದೆಯೊಬ್ಬ ಸಂಗೀತರಚನಕಾರ. ಅವನ ಮಗುವಿಗೂ ಇದೇ ದೋಷವಿದೆಯೆಂದು ವೈದ್ಯರು ಹೇಳಿದರು. ಅವನೂ ಸಕ್ಕರೆನೀರಿಗೆ ಒಪ್ಪಿದನು. ಆ ಮಗು ಸತ್ತಿತು. ಶವಪರೀಕ್ಷೆಯಲ್ಲಿ ತಿಳಿದದ್ದು, ಅದೂ ಮಾರಕವಲ್ಲದ ಗಡ್ಡೆಯೇ ಎಂದು. ಅಂದಿನಿಂದ ಕಾಂಗರೂವಿನಷ್ಟು ದೊಡ್ಡದಾದ ಶಿಶುವೊಂದು ಆಕಾಶದಿಂದ ಇಳಿದು ತನ್ನ ಬಳಿಗೆ ಬರುವುದನ್ನು ಅವನು ಕಾಣತೊಡಗುತ್ತಾನೆ. ಆ ಮಗು ಬದುಕಿದ್ದಾಗ ಉಚ್ಚರಿಸಿದ ಒಂದೇ ಶಬ್ದ ‘ಅಘುಯಿ’. ಅದೇ ಆ ಭೂತದ ಹೆಸರು. ಕೊನೆಗೆ ತಂದೆಯು ಬೀದಿಯ ವಾಹನಗಳ ನಡುವೆ ನುಗ್ಗಿ ಪ್ರಾಣವನ್ನು ನೀಗುತ್ತಾನೆ.

ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸಿ ಅನಂತರ ಸಿದ್ಧಾಂತವನ್ನು ಹೇಳುವ ಕ್ರಮವುಂಟಷ್ಟೆ. ಈ ಎರಡು ಕೃತಿಗಳ ಸಂಬಂಧವೂ ಅಂಥದೇ. ಎರಡರಲ್ಲಿಯೂ ರೋಗನಿದಾನವು ಒಂದೇ, ವೈದ್ಯರ ಸೂಚನೆಯೂ ಒಂದೇ, ತಂದೆಯ ಮೊದಲ ಸಮ್ಮತಿಯೂ ಒಂದೇ. ಗಡ್ಡೆಯೆಂಬ ಸತ್ಯವೂ ಎರಡರಲ್ಲಿ ಒಂದೇ. ಆದರೆ ಒಂದರಲ್ಲಿ ಆ ಸತ್ಯವು ದಂಡನೆಯಾಗಿ ಬರುವುದು, ಮತ್ತೊಂದರಲ್ಲಿ ಅನುಗ್ರಹವಾಗಿ ಬರುವುದು. ಹಾಗಾದಮೇಲೆ ಫಲಭೇದಕ್ಕೆ ಗಡ್ಡೆಯು ಕಾರಣವೆಂದು ಹೇಳುವಂತಿಲ್ಲ; ತಂದೆಯ ನಿರ್ಣಯವೇ ಕಾರಣವೆಂದು ಹೇಳಬೇಕಾಗುವುದು. ಅನ್ವಯವ್ಯತಿರೇಕಗಳಿಂದ ಕಾರಣವನ್ನು ಕಂಡುಕೊಳ್ಳುವ ನೈಯಾಯಿಕರ ರೀತಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ಕಥಾಸಾಹಿತ್ಯದಲ್ಲಿ ಹುಡುಕುವುದು ಕಷ್ಟ.

ಈಗ ಆಕ್ಷೇಪಣೆಗೆ ಬರಬಹುದು. ಮಂಗಳಾಂತವು ಅನುಚಿತವೆನ್ನುವವರ ವಾದವು, ಮಗುವಿನ ರೋಗವು ಅಷ್ಟು ಘೋರವಲ್ಲವೆಂದು ಕವಿಯು ಹೇಳಿ ನಾಯಕನ ಭಾರವನ್ನು ಹಗುರಮಾಡಿದನೆಂಬ ಗ್ರಹಿಕೆಯನ್ನು ಆಶ್ರಯಿಸಿದೆ. ಘಟನೆಗಳ ಅನುಕ್ರಮವನ್ನು ನೋಡಿದರೆ ಈ ಗ್ರಹಿಕೆಯು ನಿಲ್ಲುವುದಿಲ್ಲ. ನಾಯಕನು ಮದ್ಯದ ಅಂಗಡಿಯಲ್ಲಿ ಮನಸ್ಸು ತಿರುಗಿದಾಗ ಗಡ್ಡೆಯ ವಿಷಯವನ್ನು ಅರಿಯನು. ಮಗು ಬದುಕಿದರೂ ಜಡವಾಗಿಯೇ ಬದುಕುವುದೆಂಬುದು ಆಗಿನ ಅವನ ತಿಳಿವಳಿಕೆ. ಅವನು ಆಗ ಮಾಡುವ ವಿವೇಚನೆಯು ಹೀಗಿದೆ: ತನ್ನ ಮುಂದಿರುವ ಪ್ರಾಮಾಣಿಕವಾದ ಮಾರ್ಗಗಳು ಎರಡೇ, ಮಗುವನ್ನು ತನ್ನ ಕೈಯಿಂದಲೇ ಕೊಲ್ಲುವುದು, ಇಲ್ಲವೆ ಸ್ವೀಕರಿಸಿ ಸಾಕುವುದು. ಪರರ ಕೈಯಿಂದ ಸಾಯಗೊಟ್ಟು ತಾನು ಶುದ್ಧನೆಂದು ಇರುವುದು ವಂಚನೆ. ಈ ವಿವೇಚನೆಯಲ್ಲಿ ರೋಗಶಾಂತಿಯ ಆಸೆಗೆ ಎಡೆಯೇ ಇಲ್ಲ. ನಿರ್ಣಯವು ಮೊದಲು, ರೋಗನಿದಾನದ ತಿದ್ದುಪಡಿಯು ಅನಂತರ. ಈ ಕ್ರಮವು ತಿರುಗುಮುರುಗಾಗಿದ್ದರೆ, ಎಂದರೆ ಗಡ್ಡೆಯೆಂದು ತಿಳಿದಮೇಲೆ ತಂದೆಯು ಮಗುವನ್ನು ಒಪ್ಪಿಕೊಂಡಿದ್ದರೆ, ಆಕ್ಷೇಪಣೆಯು ಪೂರ್ಣವಾಗಿ ಸಲ್ಲುತ್ತಿತ್ತು. ಆಗ ಅವನು ಅಶರೀರವಾಣಿಯನ್ನು ಕೇಳಿದ ಚೇದಿರಾಜನಂತೆಯೇ ಆಗುತ್ತಿದ್ದನು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಶಿಶುಪಾಲನ ಕಥೆಯಲ್ಲಿ ವಿರೂಪವು ಕಳಚಿಬಿದ್ದು ಅಂಗವು ಪೂರ್ಣವಾಗುವುದು. ಓಯೆಯವರಲ್ಲಿ ಗುಣವಾದುದು ಪ್ರಾಣಾಪಾಯವೇ ಹೊರತು ವೈಕಲ್ಯವಲ್ಲ. ಮಗು ಎಲ್ಲರಂತೆ ಬೆಳೆಯಲೂಬಹುದು, ಬುದ್ಧಿಯು ತೀರ ಕಡಮೆಯಾಗಿಯೇ ಉಳಿಯಲೂಬಹುದು ಎಂಬ ಸಂದೇಹವನ್ನು ಹೊತ್ತುಕೊಂಡೇ ತಂದೆಯು ಆಸ್ಪತ್ರೆಯಿಂದ ಹೊರಡುತ್ತಾನೆ. ಡೆಲ್ಚೆಫನು ತನ್ನ ದೇಶಭಾಷೆಯ ನಿಘಂಟೊಂದನ್ನು, ಆಸೆಯೆಂಬ ಅರ್ಥದ ಪದವನ್ನು ಬರೆದು, ಅವನಿಗೆ ಕೊಟ್ಟಿದ್ದನು. ಆ ನಿಘಂಟಿನಲ್ಲಿ ತಾನು ಮೊದಲು ಹುಡುಕಬೇಕಾದುದು ತಾಳ್ಮೆಯೆಂಬ ಅರ್ಥದ ಪದವನ್ನೆಂದು ನಾಯಕನು ನಿಶ್ಚಯಿಸುವಲ್ಲಿ ಗ್ರಂಥವು ಮುಗಿಯುವುದು. ಆಸೆಯನ್ನು ಇತರರು ಕೊಡಬಹುದು. ತಾಳ್ಮೆಯನ್ನು ತಾನೇ ಹುಡುಕಿಕೊಳ್ಳಬೇಕು. ಯಾದವಿಯು ಬೇಡಿ ಪಡೆದ ಕ್ಷಮೆಗೆ ನೂರೆಂಬ ಎಲ್ಲೆಯಿತ್ತು. ಈ ತಂದೆಗೆ ಬೇಕಾದ ತಾಳ್ಮೆಗೆ ಎಣಿಕೆಯಿಲ್ಲ. ಇಂಥ ಕೊನೆಯನ್ನು ಫಲಾಗಮವೆಂದು ಕರೆಯುವುದು ಸಾಧುವಲ್ಲ. ಇದು ಹೊಸದೊಂದು ಆರಂಭಾವಸ್ಥೆ. ಆದುದರಿಂದ ನಿರ್ವಹಣವು ಅನುಚಿತವಲ್ಲವೆಂಬುದೇ ಸಿದ್ಧಾಂತ.

೬

ಇಷ್ಟರಿಂದ ಕೃತಿಯು ನಿರ್ದುಷ್ಟವೆಂದು ಹೇಳಿದಂತಾಗುವುದಿಲ್ಲ. ನಿರ್ವಹಣಕ್ಕಿಂತ ಅವಮರ್ಶಸಂಧಿಯಲ್ಲಿಯೇ ದೋಷವುಂಟು. ಅನೇಕ ಅಧ್ಯಾಯಗಳಲ್ಲಿ ಹಬ್ಬಿಬೆಳೆದ ಪಲಾಯನವು ಕೆಲವೇ ಪುಟಗಳಲ್ಲಿ ತಿರುಗಿಬಿಡುವುದು. ವಾಚಕನು ತಂದೆಯೊಡನೆ ತಿರುಗಲು ಬೇಕಾದಷ್ಟು ಅವಕಾಶವಿಲ್ಲ. ಮಿಶಿಮಾ ಮೊದಲಾದವರ ಅತೃಪ್ತಿಗೆ ನಿಜವಾದ ಕಾರಣವು ಈ ಸಂಕೋಚವಿರಬಹುದು. ಎರಡನೆಯದಾಗಿ, ಮಗುವಿನ ತಾಯಿಯ ಅನುಭವಕ್ಕೆ ಗ್ರಂಥದಲ್ಲಿ ಸ್ಥಳವಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿದ್ದು, ಮಗುವಿನ ರೋಗವೇನೆಂಬುದನ್ನು ಸಹ ಸರಿಯಾಗಿ ತಿಳಿಯದೆ ಇರುವ ಆಕೆಯ ಅನಿಷ್ಟಶಂಕೆಯು ತಂದೆಯದಕ್ಕಿಂತ ಕಡಮೆಯದಲ್ಲ. ಆದರೂ ಅದು ಸೂಚನೆಯಾಗಿಯೇ ಉಳಿದುಹೋಯಿತು. ಹಿಮಿಕೊಳ ವಿಷಯದಲ್ಲಿಯೂ ಹೀಗೆಯೇ. ಪತಿಯ ಆತ್ಮಹತ್ಯೆಯಿಂದ ನೊಂದ ಆಕೆಯನ್ನು ನಾಯಕನ ಪತನಕ್ಕೆ ಸಾಧನವಾಗಿ ಬಳಸಿಕೊಂಡ ಕಥೆಯು ಅವನ ಉದ್ಧಾರದ ಗಳಿಗೆಯಲ್ಲಿ ಆಕೆಯನ್ನು ಬದಿಗೆ ಸರಿಸಿಬಿಡುತ್ತದೆ. ಅನುಭವವು ವೈಯಕ್ತಿಕವೆಂಬ ಹೆಸರು ಈ ಕೊರತೆಗಳಿಗೆ ಸಮಾಧಾನವಾಗಲಾರದು.

ಕವಿಜೀವನವನ್ನು ಈಗ ನೋಡಿದರೆ, ಈ ಕೊರತೆಗಳನ್ನು ಗ್ರಂಥಕರ್ತರು ಮುಂದೆ ಮೂವತ್ತು ವರ್ಷಗಳ ಬರವಣಿಗೆಯಲ್ಲಿ ತುಂಬಿಕೊಂಡಂತೆ ಕಾಣುವುದು. ಶಿಶುವು ಆಸ್ಪತ್ರೆಯಲ್ಲಿ ಜೀವನ್ಮರಣಗಳ ನಡುವೆ ಇದ್ದ ೧೯೬೩ರ ಬೇಸಗೆಯಲ್ಲಿಯೇ ಅವರು ಹಿರೋಶಿಮಾಕ್ಕೆ ಹೋಗಿ, ಅಣುಬಾಂಬಿನಿಂದ ನೊಂದವರನ್ನೂ ಅವರ ಶುಶ್ರೂಷೆಮಾಡುತ್ತಿದ್ದ ವೈದ್ಯ ಫುಮಿಯೊ ಶಿಗೆತೊ ಅವರನ್ನೂ ಕಂಡರು. ಅತಿಯಾದ ನಿರಾಶೆಗೂ ಪೊಳ್ಳಾದ ಆಸೆಗೂ ಒಳಗಾಗದೆ ಅಂದಂದಿನ ಕೆಲಸವನ್ನು ಅಂದಂದು ಮಾಡುವವರ ಚಿತ್ರವು ೧೯೬೫ರಲ್ಲಿ ಪುಸ್ತಕವಾಗಿ ಬಂದ ‘ಹಿರೋಶಿಮಾ ನೋಟ್ಸ್’ ಎಂಬ ಲೇಖನಮಾಲೆಯಲ್ಲಿದೆ. ಕಾದಂಬರಿಯ ಕೊನೆಯ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವಿಲ್ಲ.

ಹಿಕಾರಿಯ ವಿಷಯದಲ್ಲಿ ಪ್ರಸಿದ್ಧವಾದ ಸಂಗತಿಯೊಂದನ್ನು ಓಯೆಯವರು ತಮ್ಮ ನೊಬೆಲ್ ಭಾಷಣದಲ್ಲಿಯೂ ಸ್ಮರಿಸಿದ್ದಾರೆ. ಮನುಷ್ಯರ ಮಾತಿಗೆ ಪ್ರತಿಕ್ರಿಯೆ ತೋರದಿದ್ದ ಬಾಲಕನ ಕಿವಿಯು ಹಕ್ಕಿಗಳ ಕೂಗಿಗೆ ಎಚ್ಚರಗೊಂಡಿತು. ಧ್ವನಿಮುದ್ರಿಕೆಯಲ್ಲಿ ಹಕ್ಕಿಯ ಕೂಗನ್ನೂ ಅದರ ಹೆಸರನ್ನೂ ಮತ್ತೆ ಮತ್ತೆ ಕೇಳಿದ್ದ ಅವನು, ಒಂದು ಬೇಸಗೆಯಲ್ಲಿ ಕಾಡಿನ ಹಕ್ಕಿಯೊಂದು ಕೂಗಿದಾಗ ಅದರ ಹೆಸರನ್ನು ಹೇಳಿದನು. ಅದು ನೀರುಕೋಳಿಯ ಜಾತಿಗೆ ಸೇರಿದ ಹಕ್ಕಿ. ಹಕ್ಕಿಯ ಸ್ವರದಿಂದ ಬಾಖ್ ಮತ್ತು ಮೊಜಾರ್ಟರ ಸಂಗೀತಕ್ಕೂ, ಅಲ್ಲಿಂದ ಸ್ವಂತ ರಚನೆಗೂ ಅವನು ಸಾಗಿದನು. ಅವನ ರಚನೆಗಳ ಧ್ವನಿಮುದ್ರಿಕೆಯು ೧೯೯೨ರಲ್ಲಿ ಹೊರಬಂದಿತು. ವಿಶ್ವನಾಥನು ಹೇಳಿದ ಚೇಷ್ಟೆ ಮತ್ತು ವಿದ್ಯೆಗಳೆಂಬ ಉದ್ದೀಪನಗಳು ಹೀಗೆ ಬಂದುವು. ಆದರೆ ಅವು ವಾತ್ಸಲ್ಯಕ್ಕೆ ಕಾರಣವಾಗಿ ಬಂದುವಲ್ಲ, ಅದರ ಫಲವಾಗಿ ಬಂದುವು. ಉದ್ದೀಪನವಿಲ್ಲದೆ ವರ್ಷಗಟ್ಟಲೆ ನಿಂತ ಸ್ಥಾಯಿಯೊಂದು ಕೊನೆಗೆ ತನ್ನ ಉದ್ದೀಪನವನ್ನು ತಾನೇ ಪಡೆದುಕೊಂಡಿತು. ವತ್ಸಲಪ್ರಕರಣಕ್ಕೆ ಟೀಕೆ ಬರೆಯುವವರು ಇದನ್ನು ವಿಶೇಷಲಕ್ಷ್ಯವಾಗಿ ಸೇರಿಸಿಕೊಳ್ಳಬಹುದು.

ಪತ್ನಿ ಯುಕಾರಿಯವರ ಚಿತ್ರಗಳೊಡನೆ ೧೯೯೫ರಲ್ಲಿ ಪ್ರಕಟವಾದ ಪ್ರಬಂಧಸಂಗ್ರಹಕ್ಕೆ ಗ್ರಂಥಕರ್ತರು ‘ಕಾಯ್‌ಫುಕು ಸುರು ಕಝೋಕು’ ಎಂದು ಹೆಸರಿಟ್ಟರು. ಚೇತರಿಸಿಕೊಳ್ಳುವ ಕುಟುಂಬವೆಂದು ಅದರ ಅರ್ಥ. ಚೇತರಿಸಿಕೊಳ್ಳುವುದೆಂಬ ಕ್ರಿಯೆಗೆ ಇಲ್ಲಿ ಕರ್ತೃಪದವು ಮಗುವಲ್ಲ, ಕುಟುಂಬ. ಆ ಕ್ರಿಯೆಯೂ ಮುಗಿದುಹೋದುದಲ್ಲ, ನಡೆಯುತ್ತಿರುವುದು. ೧೯೬೪ರ ಕಾದಂಬರಿಯ ಮುಕ್ತಾಯವನ್ನು ಆಕ್ಷೇಪಿಸಿದವರು ಚೇತರಿಸಿಕೊಂಡವರು ಯಾರೆಂಬ ಪ್ರಶ್ನೆಯನ್ನು ಮಗುವಿನ ಕಡೆಗೆ ತಿರುಗಿಸಿ ಕೇಳಿದರು. ಗ್ರಂಥವು ಅದಕ್ಕೆ ಉತ್ತರವನ್ನು ತಂದೆಯ ಕಡೆಯಿಂದ ಕೊಟ್ಟಿತ್ತು.